ಸಭಾಂಗಣದ ತೈಲಚಿತ್ರಕ್ಕೆ ಕಣ್ಣು ಮೂಗು ಬರೆಸುವುದು ಬೇಡ

ಮಾನ್ಯ ಸಂಪಾದಕರೇ,

ಕಳೆದ ವಾರ ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ, ಚಿಕ್ಕಮಗಳೂರಿನ ಹಳೆಯ ಸಾರ್ವಜನಿಕ ಸಂಸ್ಥೆಯೊಂದರ ಸಭಾಂಗಣವನ್ನು ನವೀಕರಿಸುತ್ತಿರುವ ಬಗ್ಗೆ ಸಣ್ಣದೊಂದು ಸುದ್ದಿ ಬಂದಿತ್ತು. ಹೊಸ ಟೈಲ್ಸ್, ಹೊಸ ಕುರ್ಚಿ, ಹೊಸ ಧ್ವನಿವರ್ಧಕಗಳ ವಿವರವೆಲ್ಲ ಮುಗಿದ ಮೇಲೆ, ವೇದಿಕೆಯ ಪಕ್ಕದ ಗೋಡೆಯಲ್ಲಿರುವ ಮಾಸಿದ ಚಿತ್ರಕ್ಕೂ ಹೊಸ ಕಳೆ ಬರಲಿದೆ ಎಂಬ ಒಂದು ಸಾಲು ಕೊನೆಯಲ್ಲಿತ್ತು. ಉಳಿದ ಕೆಲಸಗಳ ಬಗ್ಗೆ ನನ್ನ ತಕರಾರೇನೂ ಇಲ್ಲ. ಅಲ್ಲಿನ ಹಳೆಯ ಕುರ್ಚಿಗಳಲ್ಲಿ ಮೂವತ್ತು ವರ್ಷ ಕೂತು ಸೊಂಟ ನೋಯಿಸಿಕೊಂಡವರಲ್ಲಿ ನಾನೂ ಒಬ್ಬ. ಆ ಕೊನೆಯ ಸಾಲಿನ ಬಗ್ಗೆ ಮಾತ್ರ ಬರೆಯದೆ ಇರಲಾಗುತ್ತಿಲ್ಲ. ಪತ್ರ ಈ ಅಂಕಣದ ಅಳತೆಗಿಂತ ಉದ್ದವಾದೀತು, ಮನ್ನಿಸಬೇಕು.

ಸುದ್ದಿ ಓದಿದ ಮರುದಿನವೇ ಹೋಗಿ ನೋಡಿದೆ. ಚಿತ್ರವನ್ನು ಗೋಡೆಯಿಂದ ಇಳಿಸಿ, ಕೈತೊಳೆಯುವ ಬೇಸಿನ್ನಿನ ಪಕ್ಕದಲ್ಲಿ ಸಿಮೆಂಟ್ ಚೀಲಗಳಿಗೆ ಒರಗಿಸಿ ಇಟ್ಟಿದ್ದರು. ಬಣ್ಣದ ಕೆಲಸ ಹಿಡಿದಿರುವ ಮೇಸ್ತ್ರಿ ಸಜ್ಜನರು, ಕೇಳಿದ್ದಕ್ಕೆ ಮುಚ್ಚುಮರೆಯಿಲ್ಲದೆ ಉತ್ತರ ಕೊಟ್ಟರು. ಸೋಪಿನ ನೀರಿನಲ್ಲಿ ಚಿತ್ರವನ್ನು ಒರೆಸಬೇಕು, ಬಣ್ಣ ಬಿಟ್ಟ ಕಡೆ ಟಚಪ್ ಮಾಡಬೇಕು, ಮೂವರು ಹೆಂಗಸರಿಗೂ ಕಣ್ಣು ಮೂಗು ಬಾಯಿ ಕೂರಿಸಬೇಕು, ಕೊನೆಗೆ ಬಾಗಿಲಿಗೆ ಹೊಡೆಯುವ ವಾರ್ನಿಷ್ಷನ್ನು ಎರಡು ಕೋಟ್ ಹೊಡೆಯಬೇಕು ಎಂದು ಅವರಿಗೆ ಹೇಳಲಾಗಿದೆ. "ಮುಖ ಇಲ್ಲದ ಚಿತ್ರ ಸಭೆ ನಡೆಯೋ ಜಾಗದಲ್ಲಿ ಇರಬಾರದು ಅಂದ್ರು ಸಾರ್, ನಮಗೆ ಒಂದು ದಿನದ ಕೆಲಸ" ಎಂದರು. ತಪ್ಪು ಅವರದಲ್ಲ. ಗೋಡೆಯ ಕೆಲಸಕ್ಕೆಂದು ಕರೆಸಿದವರ ಕೈಗೆ ಚಿತ್ರವನ್ನೂ ಒಪ್ಪಿಸಿದ ಆಡಳಿತ ಮಂಡಳಿಯ ಹಿರಿಯರಲ್ಲಿ ಈ ಪತ್ರದ ಮೂಲಕ ನನ್ನದೊಂದು ಅರಿಕೆ ಇದೆ: ಆ ಮುಖಗಳನ್ನು ಹಾಗೆಯೇ ಬಿಡಿ.

ಚಿತ್ರವನ್ನು ಗಮನಿಸಿರದ ಓದುಗರಿಗಾಗಿ ಅದು ಹೇಗಿದೆಯೆಂದು ಸ್ವಲ್ಪ ವಿವರಿಸುತ್ತೇನೆ. ಸುಮಾರು ನಾಲ್ಕು ಅಡಿ ಅಗಲ, ಮೂರು ಅಡಿ ಎತ್ತರದ ಕ್ಯಾನ್ವಾಸಿನ ಮೇಲೆ ಬರೆದ ತೈಲವರ್ಣ ಚಿತ್ರವಿದು. ಬಲಗಡೆಯ ಕೆಳಮೂಲೆಯಲ್ಲಿ 57 ಎಂಬ ಅಂಕಿ ಸ್ಪಷ್ಟವಾಗಿದೆ. ಸಹಿಯ ಬಹುಭಾಗ ಚೌಕಟ್ಟಿನ ಪಟ್ಟಿಯ ಅಡಿಗೆ ಸೇರಿಹೋಗಿದೆ. ಮೂವರು ಹೆಂಗಸರು ನೆಲದ ಮೇಲೆ ಕೂತು ಕಾಫಿ ಬೀಜ ಆರಿಸುತ್ತಿದ್ದಾರೆ. ಎಡಗಡೆಯವಳು ಮುಂದಕ್ಕೆ ವಾಲಿದ, ಹಳದಿ ಮಣ್ಣಿನ ಬಣ್ಣದ ಒಂದು ತ್ರಿಕೋನ. ನಡುವಿನವಳು ಕಾವಿ ಬಣ್ಣದವಳು. ಅವಳ ಕತ್ತಿನಿಂದ ಸೊಂಟದವರೆಗೆ ಒಂದೇ ಎಳೆತದಲ್ಲಿ ಇಳಿದ ದಪ್ಪ ಕಪ್ಪು ಗೆರೆಯೇ ಅವಳ ಬೆನ್ನು. ಬಲಗಡೆಯವಳು ಹಸಿರುಮಿಶ್ರಿತ ನೀಲಿಯಾಗಿ ಹಿಂದಿನ ಗೋಡೆಯೊಳಗೆ ಅರ್ಧ ಕರಗಿದ್ದಾಳೆ. ಮೂವರ ತಲೆಗಳೂ ಮೊಟ್ಟೆಯಾಕಾರದವು, ಒಂದರ ಮೇಲೂ ಮುಖವಿಲ್ಲ. ಎದುರಿಗಿರುವ ಬೀಜದ ರಾಶಿಯನ್ನು ಬ್ರಷ್ಷಿನಿಂದ ಬರೆದಿಲ್ಲ. ಬೂದುಹಸಿರು ಬಣ್ಣವನ್ನು ಪ್ಯಾಲೆಟ್ ನೈಫ್ ಎಂಬ ಸಣ್ಣ ಕರಣೆಯಂಥ ಸಾಧನದಿಂದ, ಗಾರೆ ಮೆತ್ತಿದ ಹಾಗೆ ಮೆತ್ತಿದ್ದಾರೆ. ಹತ್ತು ಅಡಿ ದೂರದಿಂದ ಅದು ರಾಶಿ. ಮೂಗು ತಾಗುವಷ್ಟು ಹತ್ತಿರ ಹೋದರೆ ಪ್ರತಿಯೊಂದು ಮೆತ್ತುವಿಕೆಯ ಅಂಚಿನಲ್ಲೂ ಒಂದೊಂದು ಸಣ್ಣ ನೆರಳು ನಿಂತಿರುವುದು ಕಾಣುತ್ತದೆ.

ನನ್ನ ದೊಡ್ಡಮ್ಮ ಇದೇ ಊರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಇಪ್ಪತ್ತು ವರ್ಷ ಬೀಜ ಆರಿಸಿದವರು. ಬಣ್ಣ ಗುರುತಿಸಿ ಬೀಜ ಬೇರ್ಪಡಿಸುವ ಯಂತ್ರಗಳು ಬರುವ ಮೊದಲು, ಕಪ್ಪಾದ, ಒಡೆದ, ಹುಳು ಕೊರೆದ ಬೀಜಗಳನ್ನು ಸಾಲಾಗಿ ಕೂತ ಹೆಂಗಸರೇ ಕೈಯಿಂದ ಆರಿಸಿ ತೆಗೆಯುತ್ತಿದ್ದರು. ಓದು ಬರಹ ಇಲ್ಲದ, ಕಲಾ ಪ್ರದರ್ಶನವೆಂದರೆ ಏನೆಂದೇ ಕೇಳಿರದ ದೊಡ್ಡಮ್ಮನನ್ನು ಸುಮಾರು ನಲವತ್ತು ವರ್ಷಗಳ ಹಿಂದೆ ಯಾವುದೋ ಸಭೆಗೆಂದು ಆ ಸಭಾಂಗಣಕ್ಕೆ ಕರೆದೊಯ್ದಿದ್ದೆ. ಭಾಷಣ ನಡೆಯುತ್ತಿದ್ದಂತೆಯೇ ಅವರು ಚಿತ್ರದ ಕಡೆ ಕೈ ತೋರಿಸಿ, "ನಡುವಿನೋಳು ಕಪ್ಪು ಕಾಳು ಹಿಡ್ಕಂಡವಳೆ ನೋಡು, ಆ ಕಡೆಯೋಳಿಗೆ ಸೊಂಟ ಹಿಡ್ಕಂಡದೆ" ಎಂದರು. ಡ್ರಾಯಿಂಗ್ ಮೇಷ್ಟರಾಗಿದ್ದ ನನಗೆ ಅದುವರೆಗೆ ಆ ಕೈ ಕಂಡೇ ಇರಲಿಲ್ಲ. ಆಮೇಲೆ ಹತ್ತಿರ ಹೋಗಿ ನೋಡಿದರೆ ಆ ಕೈಯೆಂಬುದು ನೈಫಿನ ಎರಡೇ ಎಳೆತ: ಒಂದು ಹೆಬ್ಬೆರಳು, ಇನ್ನೊಂದು ತೋರುಬೆರಳು. ಅವುಗಳ ನಡುವೆ ಕಪ್ಪು ಬಣ್ಣದ ಒಂದು ಚುಕ್ಕೆ. ಉಗುರಿಲ್ಲ, ಗಿಣ್ಣಿಲ್ಲ, ಬಳೆಯಿಲ್ಲ. ಕಾಳು ಹಿಡಿಯುವುದಕ್ಕೆ ಬೇಕಾದ ಬಿಗಿ ಮಾತ್ರ ಅಲ್ಲಿದೆ.

ಮುಖ ಬರೆಯಲು ಬಾರದವರು ಹೀಗೆ ಬಿಟ್ಟಿದ್ದಾರೆ ಎಂಬ ಮಾತನ್ನು ಆ ಸಭಾಂಗಣದಲ್ಲಿ ಹಲವು ಬಾರಿ ಕೇಳಿದ್ದೇನೆ. ಅದಕ್ಕೆ ಉತ್ತರ ಚಿತ್ರದಲ್ಲಿಯೇ ಇದೆ. ಪಶ್ಚಿಮದ ಕಿಟಕಿಯಿಂದ ಸಂಜೆ ನಾಲ್ಕು ಗಂಟೆಯ ಓರೆ ಬೆಳಕು ಬೀಳುವಾಗ ನಡುವಿನವಳ ತಲೆಯನ್ನು ಪಕ್ಕದಿಂದ ನೋಡಬೇಕು. ಮೇಲಿನ ತೆಳುವಾದ ಕಾವಿ ಬಣ್ಣದ ಅಡಿಯಲ್ಲಿ ಹುಬ್ಬಿನ ಕಮಾನು, ಮೂಗಿನ ಏಣು, ತುಟಿಯ ಅಂಚು, ಮೂರೂ ತಗ್ಗಿದ ಗೀರುಗಳಾಗಿ ಕಾಣುತ್ತವೆ. ಅಂದರೆ ಚಿತ್ರಕಾರರು ಮೊದಲು ಮುಖವನ್ನು ಬರೆದೇ ಇದ್ದಾರೆ, ಸಾಕಷ್ಟು ಚೆನ್ನಾಗಿಯೇ ಬರೆದಿದ್ದಾರೆ. ಬಣ್ಣ ಹಸಿಯಿರುವಾಗಲೇ ಅದನ್ನು ನೈಫಿನಿಂದ ಕೆರೆದು ತೆಗೆದು, ಮೇಲೆ ಒಂದೇ ಬಣ್ಣವನ್ನು ಎಳೆದಿದ್ದಾರೆ. ಎಡಮೂಲೆಯಲ್ಲಿ ಸೀರೆಯಂಚಿನಿಂದ ಹೊರಚಾಚಿದ ಪಾದವನ್ನು ಮಾತ್ರ ಹೆಬ್ಬೆರಳಿನ ಉಗುರಿನ ಸಮೇತ ಉಳಿಸಿಕೊಂಡಿದ್ದಾರೆ. ಬರೆಯಬಲ್ಲವರು ಬರೆದು ನೋಡಿ, ಬೇಡವೆಂದು ತೆಗೆದ ಕಣ್ಣುಮೂಗುಗಳನ್ನು ಇಂದು ದಿನಗೂಲಿ ಕೊಟ್ಟು ಮತ್ತೆ ಬರೆಸಲು ನಾವು ಹೊರಟಿದ್ದೇವೆ.

ಮುಖ ಯಾಕೆ ಬೇಡವಾಯಿತು ಎಂಬುದಕ್ಕೆ ನನ್ನ ಊಹೆಯನ್ನು ಹೇಳಬಹುದು. ಮುಖವಿದ್ದರೆ ನೋಡುವವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಚೆಲುವೆಯೋ ಅಲ್ಲವೋ, ನಗುತ್ತಿದ್ದಾಳೋ ಅಳುತ್ತಿದ್ದಾಳೋ ಎಂದು ಹುಡುಕತೊಡಗುತ್ತದೆ. ಅದನ್ನು ತೆಗೆದ ಮೇಲೆ ಬೆನ್ನು ಮತ್ತು ಬೆರಳು ಉಳಿದವು. ದಿನವಿಡೀ ತಲೆ ಬಗ್ಗಿಸಿ ಕೂತವರನ್ನು ಎದುರು ನಿಂತ, ಕೆಲಸದ ಲೆಕ್ಕ ಬರೆಯುವ ರೈಟರು ನೋಡುತ್ತಿದ್ದದ್ದೂ ಹೀಗೆಯೇ ಇದ್ದಿರಬೇಕು.

ಈ ಬಗೆಯ ಚಿತ್ರ ಎಲ್ಲಿಂದಲೋ ಬಂದು ನಮ್ಮ ಊರಿನ ಗೋಡೆಗೆ ಅಂಟಿಕೊಂಡದ್ದಲ್ಲ, ಅದು ಆ ಕಾಲದ ಗಾಳಿಯಲ್ಲಿತ್ತು. ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಅವರು ದಕ್ಷಿಣ ಭಾರತದಲ್ಲಿ ಸುತ್ತಾಡಿ, ಅಜಂತಾದ ಗೋಡೆಗಳನ್ನು ಕಂಡು, 1937ರಲ್ಲಿ ಬರೆದ ಚಿತ್ರಗಳಲ್ಲಿಯೇ ಮನುಷ್ಯಾಕೃತಿಗಳು ಸರಳವಾದ, ಭಾರವಾದ ಬಣ್ಣದ ಮೊತ್ತಗಳಾಗಿದ್ದವು. ಸ್ವಾತಂತ್ರ್ಯ ಬಂದ 1947ರಲ್ಲಿ ಮುಂಬೈಯಲ್ಲಿ ಎಫ್.ಎನ್. ಸೋಜಾ, ಎಸ್.ಎಚ್. ರಜಾ, ಎಂ.ಎಫ್. ಹುಸೇನ್, ಕೆ.ಎಚ್. ಆರಾ, ಎಚ್.ಎ. ಗಾಡೆ, ಎಸ್.ಕೆ. ಬಾಕ್ರೆ ಸೇರಿ ಪ್ರಗತಿಪರ ಕಲಾವಿದರ ಗುಂಪನ್ನು ಕಟ್ಟಿದರು. 1954ರಲ್ಲಿ ದೆಹಲಿಯಲ್ಲಿ ಲಲಿತಕಲಾ ಅಕಾಡೆಮಿ ಹುಟ್ಟಿತು. ಮರುವರ್ಷ ಅದು ನಡೆಸಿದ ಮೊದಲ ರಾಷ್ಟ್ರೀಯ ಪ್ರದರ್ಶನದಲ್ಲಿ ಬಹುಮಾನ ಪಡೆದ ಹುಸೇನರ 'ಜಮೀನ್' ಚಿತ್ರದಲ್ಲಿ ಹಳ್ಳಿಯ ಜನ, ದನ, ಚಕ್ರಗಳೆಲ್ಲ ದಪ್ಪ ಗೆರೆಯ ಚಪ್ಪಟೆ ಆಕೃತಿಗಳೇ. ಇವರಲ್ಲಿ ಹೆಚ್ಚಿನವರು ಆಗ ಆಕೃತಿಯೇ ಇಲ್ಲದ ಪೂರ್ಣ ಅಮೂರ್ತಕ್ಕೆ ಹೋಗಲಿಲ್ಲ ಎಂಬುದನ್ನು ಗಮನಿಸಬೇಕು. ಆಕೃತಿಯನ್ನು ಮುರಿದರು, ಚಪ್ಪಟೆ ಮಾಡಿದರು, ಎಳೆದು ಉದ್ದ ಮಾಡಿದರು. ಆದರೆ ಮನುಷ್ಯನನ್ನು ಕ್ಯಾನ್ವಾಸಿನಿಂದ ಹೊರಗೆ ಹಾಕಲಿಲ್ಲ. ಅಮೆರಿಕದಲ್ಲಿ ಶುದ್ಧ ಅಮೂರ್ತ ಕಲೆಯ ಅಬ್ಬರ ನಡೆದಿದ್ದ ಹೊತ್ತಿನಲ್ಲಿಯೇ ಚಿತ್ರಕಾರ ವಿಲ್ಲೆಮ್ ಡಿ ಕೂನಿಂಗ್ ಒಬ್ಬ ಹೆಂಗಸಿನ ಆಕೃತಿಯನ್ನು ಹಿಡಿಯಲು 1950ರಿಂದ 1952ರವರೆಗೆ ಒಂದೇ ಕ್ಯಾನ್ವಾಸಿನ ಮೇಲೆ ಬರೆದು, ಕೆರೆದು, ಮತ್ತೆ ಬರೆದು ಮಾಡುತ್ತಿದ್ದರು. ಕೆರೆಯುವುದು ಆ ಕಾಲದ ಚಿತ್ರಕಾರರಿಗೆ ಬರೆಯುವುದರ ಒಂದು ಭಾಗವೇ ಆಗಿತ್ತು.

ನಮ್ಮವರ ಉದಾಹರಣೆ ಬೇಕೆಂದರೆ ಘಟ್ಟ ಇಳಿದರೆ ಸಿಗುತ್ತದೆ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತರು, ಪ್ಯಾರಿಸ್ಸಿಗೂ ಹೋಗಿ ಬಂದರು. ಲಯವೆಂದರೇನೆಂದು ಮೈಯಲ್ಲಿ ತಿಳಿಯಬೇಕೆಂದು ಕಥಕ್ ನೃತ್ಯವನ್ನೂ ಅಭ್ಯಾಸ ಮಾಡಿದರು. ಅವರ ರೇಖಾಚಿತ್ರಗಳಲ್ಲಿ ಕುಣಿಯುವವರಿಗೂ ದುಡಿಯುವವರಿಗೂ ಮುಖಕ್ಕಿಂತ ಮೈಯ ತಿರುವೇ ಮುಖ್ಯ. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಪಡೆದ ಆ ಹಿರಿಯರ ಕೃತಿಗಳು ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯಲ್ಲಿವೆ. ಬೆಂಗಳೂರಿಗೆ ಹೋದಾಗ ಕಬ್ಬನ್ ಪಾರ್ಕಿನ ಬದಿಯ ಆ ಕಟ್ಟಡದೊಳಗೆ ಒಂದು ಗಂಟೆ ಕಳೆದು ಬಂದವರು ನಮ್ಮ ಸಭಾಂಗಣದ ಮೂವರು ಹೆಂಗಸರನ್ನು ನೋಡಿ ನಗುವುದಿಲ್ಲವೆಂದು ನನ್ನ ನಂಬಿಕೆ. ಮೈಸೂರು ರಾಜ್ಯದ ಏಕೀಕರಣ ಆಗಷ್ಟೇ ಆಗಿದ್ದ 1957ರಲ್ಲಿ, ಮಲೆನಾಡಿನ ಈ ಪುಟ್ಟ ಊರಿನ ಕೂಲಿ ಹೆಂಗಸರನ್ನು ಆ ಹೊಸ ರೀತಿಯಲ್ಲಿ ಬರೆಯಬೇಕೆಂದು ಒಬ್ಬರಿಗೆ ಅನಿಸಿತಲ್ಲ, ನನಗೆ ಅದೇ ದೊಡ್ಡ ಸಂಗತಿ.

ನಮ್ಮ ಕಣ್ಣಿನ ಅಭ್ಯಾಸದ ಬಗ್ಗೆಯೂ ಎರಡು ಮಾತು ಹೇಳಬೇಕು. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಮುದ್ರಣಾಲಯ ತೆರೆದು ದೇವದೇವತೆಯರನ್ನು ಬಣ್ಣದಲ್ಲಿ ಅಚ್ಚು ಹಾಕಿಸಿದಂದಿನಿಂದ, ಚಿತ್ರವೆಂದರೆ ಹೊಳೆಯುವ ಕಣ್ಣು, ನುಣುಪಾದ ಕೆನ್ನೆ ಎಂಬುದು ಮನೆಮನೆಯ ಕ್ಯಾಲೆಂಡರಿನಲ್ಲಿ ಸ್ಥಿರವಾಯಿತು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಹಲ್ದನ್‌ಕರರ ದೀಪ ಹಿಡಿದ ಹೆಂಗಸನ್ನು ಕತ್ತಲೆ ಕೋಣೆಯಲ್ಲಿ ಕಂಡು ಬಂದವರು ಅದನ್ನೇ ಅಳತೆಗೋಲು ಮಾಡಿಕೊಳ್ಳುತ್ತಾರೆ (ಅದು ಜಲವರ್ಣ, ಹಲವರು ತಿಳಿದಿರುವಂತೆ ತೈಲವರ್ಣವಲ್ಲ). ಚಿಕ್ಕಮಗಳೂರಿನವರಾದ ನಮಗೆ ಬೇಲೂರು ಬೇರೆ ಹತ್ತಿರ. ಮದನಿಕೆಯ ಮೂಗುತಿ, ಬಳೆ, ಜಡೆಯ ಎಳೆಯನ್ನೂ ಎಣಿಸಿ ಬಂದ ಕಣ್ಣಿಗೆ ಬೋಳು ತಲೆಯ ಆಕೃತಿ ಅರೆಬರೆ ಕೆಲಸದಂತೆ ಕಂಡರೆ ಆಶ್ಚರ್ಯವಿಲ್ಲ. ಆದರೆ ಆ ಕುಸುರಿಗೆ ಒಂದು ಕಾರಣ ಕಲ್ಲಿನ ಗುಣ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು ಬರಬರುತ್ತ ಗಟ್ಟಿಯಾಗುತ್ತದೆ, ಹಾಗಾಗಿ ಉಳಿಯ ತುದಿ ಹೇಳಿದಂತೆ ಕೇಳುತ್ತದೆ. ಎಣ್ಣೆಬಣ್ಣದ ಗುಣ ಬೇರೆ. ಅದಕ್ಕೆ ದಪ್ಪವಿದೆ, ಅಂಟಿದೆ, ಎಳೆದ ಕೈಯ ವೇಗವನ್ನು ಹಿಡಿದಿಟ್ಟುಕೊಳ್ಳುವ ಸ್ವಭಾವವಿದೆ.

ಮುಖವಿಲ್ಲದ್ದನ್ನು ಗೌರವಿಸುವುದು ನಮಗೆ ಗೊತ್ತಿಲ್ಲವೆಂದೇನೂ ಅಲ್ಲ. ಕಾಫಿ ತೋಟದ ಅಂಚಿನಲ್ಲಿ ಕುಂಕುಮ ಹಚ್ಚಿಸಿಕೊಂಡು ಕೂತ ಚೌಡಿಯ ಕಲ್ಲಿಗೆ ಯಾರೂ ಕಣ್ಣು ಮೂಗು ಕೇಳುವುದಿಲ್ಲ. ನೆರೆಯ ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ ಸೀಮೆಯ ದೀವರ ಮನೆಗಳಲ್ಲಿ ಮದುವೆಯ ಹೊತ್ತಿಗೆ ಹೆಂಗಸರು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪಿನಲ್ಲಿ ಬರೆಯುವ ಹಸೆ ಚಿತ್ತಾರದಲ್ಲಿ ಮದುಮಗ ಮದುಮಗಳಿಬ್ಬರೂ ತ್ರಿಕೋನ ಮತ್ತು ಗೆರೆಗಳೇ ಆಗಿರುತ್ತಾರೆ. ಆ ಚಿತ್ತಾರದ ಫೋಟೊವನ್ನು ಲಗ್ನಪತ್ರಿಕೆಯ ಮೇಲೆ ಅಚ್ಚು ಹಾಕಿಸುವ ನಾವು ಅದೇ ತ್ರಿಕೋನ ಕ್ಯಾನ್ವಾಸಿನ ಮೇಲೆ ಬಂದಾಗ ಮುಖ ಸಿಂಡರಿಸುತ್ತೇವೆ. ಅದೇ ದಶಕದಲ್ಲಿ ನವ್ಯ ಕಾವ್ಯ ಬಂದಾಗಲೂ ಅರ್ಥವಾಗುವುದಿಲ್ಲವೆಂಬ ಗಲಾಟೆ ಕನ್ನಡದಲ್ಲಿ ನಡೆದಿತ್ತು. ಹಾಗೆಂದು ಯಾರೂ ಆ ಪದ್ಯಗಳಿಗೆ ಪ್ರಾಸ ಜೋಡಿಸಿ ಸರಿಪಡಿಸಲು ಹೋಗಲಿಲ್ಲ.

ಇನ್ನು ಒರೆಸುವ, ವಾರ್ನಿಷ್ ಹೊಡೆಯುವ ವಿಚಾರ. ಇದರಲ್ಲಿ ನನ್ನದೇ ಪಾಪವೊಂದಿದೆ, ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, 1983ರಲ್ಲಿ, ನಾನಿದ್ದ ಶಾಲೆಯ ದಾನಿಯೊಬ್ಬರ ತೈಲಚಿತ್ರಕ್ಕೆ ಧೂಳು ಹಿಡಿದಿತ್ತು. ಈರುಳ್ಳಿ ಹೋಳಿನಿಂದ ಉಜ್ಜಿದರೆ ಹೊಳಪು ಬರುತ್ತದೆಂದು ಯಾರೋ ಹೇಳಿದ್ದನ್ನು ನಂಬಿ, ಶಾಲಾ ವಾರ್ಷಿಕೋತ್ಸವದ ಹಿಂದಿನ ದಿನ ಉಜ್ಜಿದೆ. ಮೊದಲ ಹೋಳು ಕಪ್ಪಾಯಿತು, ಸಂತೋಷಪಟ್ಟೆ. ಎರಡನೆಯ ಹೋಳಿಗೆ ಕಂದು ಬಣ್ಣ ಬಂತು. ಮೂರನೆಯದನ್ನು ಎತ್ತಿದಾಗ ದಾನಿಗಳ ಎಡಗಡೆಯ ಮೀಸೆ ಅದರಲ್ಲಿತ್ತು. ರಾತ್ರಿಯೆಲ್ಲ ಕೂತು ಹೊಸ ಮೀಸೆ ಬರೆದೆ. ಅಂದು ಬಣ್ಣ ತಾಳೆಯಾದಂತೆಯೇ ಕಂಡಿತು. ಎರಡು ವರ್ಷ ಕಳೆಯುವಷ್ಟರಲ್ಲಿ ನಾನು ಬರೆದ ಭಾಗ ಮಾತ್ರ ಬೇರೆ ಛಾಯೆಗೆ ತಿರುಗಿ, ಅವರ ಮುಖದ ಮೇಲೆ ಇನ್ನೊಬ್ಬರ ಮೀಸೆ ಕೂತ ಹಾಗಾಯಿತು.

ಆಮೇಲೆ ತಿಳಿದವರನ್ನು ಕೇಳಿ, ಓದಿ ಅರಿತದ್ದು ಇಷ್ಟು. ತೈಲವರ್ಣದಲ್ಲಿ ಬಣ್ಣದ ಪುಡಿಯನ್ನು ಹಿಡಿದಿಡುವುದು ಸಾಮಾನ್ಯವಾಗಿ ಅಗಸೆ ಎಣ್ಣೆ. ಅದು ನೀರಿನಂತೆ ಆರಿಹೋಗಿ ಒಣಗುವುದಿಲ್ಲ, ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಮೇಲ್ಪದರ ಬೆರಳಿಗೆ ಅಂಟದಂತಾದರೂ ದಪ್ಪವಾಗಿ ಮೆತ್ತಿದ ಬಣ್ಣದ ಒಳಗೆ ಈ ಕ್ರಿಯೆ ವರ್ಷಗಟ್ಟಲೆ ನಡೆಯುತ್ತಿರುತ್ತದೆ. ಹಳೆಯ ಪದರ, ಹೊಸ ಟಚಪ್ ಎರಡೂ ಬೇರೆಬೇರೆ ವೇಗದಲ್ಲಿ ಹಳದಿಯಾಗುವುದರಿಂದಲೇ ನನ್ನ ಮೀಸೆ ನನ್ನನ್ನು ಬಿಟ್ಟುಕೊಟ್ಟದ್ದು. 20ನೇ ಶತಮಾನದ ನಡುಭಾಗದ ಟ್ಯೂಬ್ ಬಣ್ಣಗಳಿಗೆ ಇನ್ನೊಂದು ಪೀಡೆಯಿದೆ. ವಾರ್ನಿಷ್ಷಿಲ್ಲದೆ ಬಿಟ್ಟಿರುವ ಅಂಥ ಚಿತ್ರಗಳಲ್ಲಿ ಕೆಲವು ಬಣ್ಣಗಳು ಬರಿಯ ನೀರು ತಾಗಿದರೂ ಹತ್ತಿಗೆ ಹತ್ತಿಕೊಂಡು ಬರುತ್ತವೆ. ಸೋಪಿನ ನೀರಂತೂ ದೂರದ ಮಾತು. ಆ ಕಾಲದಲ್ಲಿ ಧಾರಾಳವಾಗಿ ಬಳಸುತ್ತಿದ್ದ ಸತುವಿನ ಬಿಳಿ ಬಣ್ಣ ವಯಸ್ಸಾದಂತೆ ಪೆಡಸಾಗಿ ಬಿರಿಯುತ್ತದೆ. ನಮ್ಮ ಚಿತ್ರದ ಮೊರದ ಅಂಚಿನಲ್ಲಿ ಈಗ ಕಾಣುವ ಕೂದಲೆಳೆಯ ಬಿರುಕುಗಳು ಅಂಥವೇ ಇರಬಹುದು, ಅದನ್ನು ಪರೀಕ್ಷಿಸಿದವರೇ ಹೇಳಬೇಕು.

ಬಾಗಿಲ ವಾರ್ನಿಷ್ ಬಳಿದರೆ ಮೊದಲ ದಿನ ನಿಜಕ್ಕೂ ಹೊಳೆಯುತ್ತದೆ. ಚಿತ್ರಗಳಿಗೆಂದೇ ಇರುವ ವಾರ್ನಿಷ್ಷುಗಳನ್ನು ಮುಂದೊಂದು ದಿನ ದ್ರಾವಕದಿಂದ ತೆಗೆಯಲು ಬರುವಂತೆ ತಯಾರಿಸಿರುತ್ತಾರೆ. ಮರಕ್ಕೆ ಬಳಿಯುವುದು ಹಾಗಲ್ಲ. ಅದು ಹಳದಿಯಾಗಿ, ಗಟ್ಟಿಯಾಗಿ, ಕೆಳಗಿನ ಬಣ್ಣವನ್ನು ಕಿತ್ತುಕೊಳ್ಳದೆ ತಾನು ಬಿಡುವುದಿಲ್ಲ. ಅದೂ ಅಲ್ಲದೆ ಈ ಚಿತ್ರಕ್ಕೆ ಹೊಳಪೇ ಬೇಕಿಲ್ಲ. ಗೋಡೆಯಲ್ಲಿ ಕರಗುವ ನೀಲಿ ಹೆಂಗಸು ಮಂಕಾಗಿ, ರಾಶಿಯ ಮೇಲಿನ ದಪ್ಪ ಬಣ್ಣ ಮಾತ್ರ ಸ್ವಲ್ಪ ಮಿನುಗುವಂತೆ ಇಲ್ಲಿ ಉದ್ದೇಶಪೂರ್ವಕವಾಗಿಯೇ ಮಾಡಿದ್ದಾರೆಂದು ನನಗನ್ನಿಸುತ್ತದೆ. ಪಿಕಾಸೊ ಮತ್ತು ಬ್ರಾಕ್ ಆಕೃತಿಗಳನ್ನು ಕೋನಕೋನವಾಗಿ ಒಡೆದು ಜೋಡಿಸಿದ ತಮ್ಮ ಕ್ಯೂಬಿಸ್ಟ್ ಚಿತ್ರಗಳಿಗೆ ವಾರ್ನಿಷ್ ಬೇಡವೆಂದೇ ಇದ್ದವರು. ನಂತರದ ಮಾಲೀಕರು ಅವುಗಳಲ್ಲಿ ಹಲವಕ್ಕೆ ವಾರ್ನಿಷ್ ಬಳಿಸಿ, ಮಂಕು ಮತ್ತು ಮಿನುಗಿನ ವ್ಯತ್ಯಾಸವನ್ನೇ ಅಳಿಸಿಬಿಟ್ಟರು. ದೊಡ್ಡ ಊರುಗಳ ದೊಡ್ಡ ಸಂಗ್ರಹಗಳಲ್ಲಿಯೂ ಆದ ತಪ್ಪು ಇದು.

ಚಿತ್ರ ಮಾಸಿದೆ ಎಂಬ ದೂರು ಸುಳ್ಳಲ್ಲ. ಆದರೆ ಅದು ಕೆಟ್ಟದ್ದು ವಯಸ್ಸಿನಿಂದಲ್ಲ, ನೇತುಹಾಕಿದ ಗೋಡೆಯಿಂದ. ಆ ಗೋಡೆಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಡೆಯಿಂದ ಮಳೆ ಬಡಿಯುತ್ತದೆ. ಒಳಗಡೆ ಕೈಯಿಟ್ಟರೆ ಥಂಡಿ. ಗಾಳಿಯಲ್ಲಿ ತೇವಾಂಶ ಶೇ 65-70 ದಾಟಿ ಹಾಗೆಯೇ ನಿಂತರೆ ಬೂಷ್ಟು ಹಿಡಿಯಲು ಬೇರೇನೂ ಬೇಡ, ಮತ್ತು ನಮ್ಮ ಮಳೆಗಾಲದಲ್ಲಿ ಅದು ದಾಟದ ದಿನಗಳೇ ಅಪರೂಪ. ಕ್ಯಾನ್ವಾಸ್ ಕೊನೆಗೂ ಬಟ್ಟೆ. ಅದು ತೇವ ಹೀರಿ ಸಡಿಲವಾಗುತ್ತದೆ, ಒಣಹವೆಯಲ್ಲಿ ಬಿಗಿಯುತ್ತದೆ. ವರ್ಷಕ್ಕೊಮ್ಮೆ ನಡೆಯುವ ಈ ಎಳೆದಾಟಕ್ಕೆ ಗಟ್ಟಿಯಾದ ಬಣ್ಣ ಹೊಂದಿಕೊಳ್ಳಲಾರದೆ ಸೀಳುತ್ತದೆ. ಚಿತ್ರದ ಬೆನ್ನನ್ನು ತಿರುಗಿಸಿ ನೋಡಿದೆ. ಬಿಳಿಯ ಬೂಷ್ಟು ಅಂಗೈಯಗಲಕ್ಕೆ ಹಬ್ಬಿದೆ, ಹಿಂದಿನ ಮರದ ಚೌಕದ ಮೂಲೆಯ ಬೆಣೆಗಳಲ್ಲಿ ಎರಡು ಬಿದ್ದುಹೋಗಿವೆ, ಕೆಳಗಿನ ಪಟ್ಟಿಯ ಮೇಲೆ ಗೆದ್ದಲಿನ ಹಳೆಯ ಮಣ್ಣುಗೆರೆಯೊಂದಿದೆ. ಇದಾವುದಕ್ಕೂ ಮುಂಭಾಗದಲ್ಲಿ ಬರೆಯುವ ಕಣ್ಣು ಮೂಗು ಔಷಧವಾಗದು.

ಕಾನೂನು ಕಾಪಾಡುತ್ತದೆಯೇ ಎಂದು ಕೆಲವರು ಕೇಳಿದರು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯಡಿ ಇಂಥ ಚಿತ್ರ ಪ್ರಾಚ್ಯವಸ್ತುವೆನಿಸಲು 100 ವರ್ಷ ತುಂಬಿರಬೇಕು. ಅಷ್ಟು ಹಳೆಯದಲ್ಲದಿದ್ದರೂ ಕಲಾನಿಧಿಯೆಂದು ಘೋಷಿತವಾಗಿರುವುದು ಒಂಬತ್ತು ಕಲಾವಿದರ ಕೃತಿಗಳು, ಅವರಲ್ಲಿ ಕನ್ನಡ ನಾಡಿನಲ್ಲಿ ಹುಟ್ಟಿದವರು ಒಬ್ಬರೂ ಇಲ್ಲ. ನಮ್ಮ ಚಿತ್ರ ಎರಡರಲ್ಲೂ ಸೇರದು. ಸಂಸ್ಥೆಯ ದಾಖಲೆಯಲ್ಲಿ ಅದಕ್ಕಿರುವ ಸ್ಥಾನವನ್ನು ಅಲ್ಲಿನ ಗುಮಾಸ್ತರು ಕೃಪೆಯಿಟ್ಟು ತೋರಿಸಿದರು. ಪೀಠೋಪಕರಣಗಳಂಥ ಸಾಮಾನುಗಳ ಪಟ್ಟಿಯಾದ ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ, ಬೆಂಚು ಹನ್ನೆರಡು ಮತ್ತು ಗೋಡೆ ಗಡಿಯಾರ ಒಂದು ಎಂಬ ನಮೂದುಗಳ ನಡುವೆ, 'ಚಿತ್ರ, ಚೌಕಟ್ಟು ಸಹಿತ, ಒಂದು' ಎಂದಿದೆ. ಬರೆದವರ ಹೆಸರಿಲ್ಲ, ಕೊಟ್ಟವರ ಹೆಸರಿಲ್ಲ. ಬೇಲೂರಿನ ಶಿಲ್ಪಿ ದಾಸೋಜನೂ ಅವನ ಮಗ ಚಾವಣನೂ ಒಂಬೈನೂರು ವರ್ಷದ ಹಿಂದೆ ಬಳ್ಳಿಗಾವಿಯಿಂದ ಬಂದವರೆಂಬುದು ಅವರು ಕಲ್ಲಿನ ಮೇಲೆ ಕೆತ್ತಿದ ಹೆಸರಿನಿಂದ ಇಂದಿಗೂ ನಮಗೆ ತಿಳಿಯುತ್ತದೆ. ಚೌಕಟ್ಟನ್ನು ಜೋಪಾನವಾಗಿ ಬಿಚ್ಚಿದರೆ ಈ ಸಹಿಯನ್ನೂ ಓದಲಾದೀತು. ಆ ಕೆಲಸವನ್ನೂ ಬಲ್ಲವರೇ ಮಾಡಬೇಕು, ಏಕೆಂದರೆ ಬಣ್ಣ ಪಟ್ಟಿಗೆ ಅಂಟಿಕೊಂಡಿರುವ ಸಾಧ್ಯತೆಯಿದೆ.

ಬಲ್ಲವರು ದೂರದಲ್ಲಿಲ್ಲ. ಸಾಂಸ್ಕೃತಿಕ ಸಂಪತ್ತಿನ ಸಂರಕ್ಷಣೆಗಾಗಿ ಲಖನೌದಲ್ಲಿರುವ ರಾಷ್ಟ್ರೀಯ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರ ಮೈಸೂರಿನಲ್ಲಿದೆ. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ಪರಂಪರೆಯ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಚಿತ್ರ ಸಂರಕ್ಷಣಾ ಕೇಂದ್ರ ದಶಕಗಳಿಂದ ಕೆಲಸ ಮಾಡಿದೆ. ಈ ಎರಡರಲ್ಲಿ ಒಂದಕ್ಕೆ ಆಡಳಿತ ಮಂಡಳಿ ನಾಲ್ಕು ಫೋಟೊಗಳೊಂದಿಗೆ ಒಂದು ಪತ್ರ ಬರೆದು, ಅವರ ಸಲಹೆ ಬರುವವರೆಗೆ ಚಿತ್ರವನ್ನು ಯಾರೂ ಮುಟ್ಟದಂತೆ ನೋಡಿಕೊಂಡರೆ ಸಾಕು. ಸದ್ಯಕ್ಕೆ ಬೇಕಾದ್ದು ಕಡಿಮೆ ಖರ್ಚಿನದು. ಚಿತ್ರವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಬಾರದು, ತೇವ ಒಳಗೇ ಉಳಿಯುತ್ತದೆ. ಹಳೆಯ ಹತ್ತಿಯ ಪಂಚೆ ಹೊದಿಸಿದರೆ ಧೂಳು ತಡೆಯುತ್ತದೆ, ಗಾಳಿಯೂ ಆಡುತ್ತದೆ. ಮಹಡಿಯ ವಾಚನಾಲಯದಲ್ಲಿ ಮಳೆ ತಾಗದ ಒಳಗೋಡೆಯೊಂದಿದೆ. ಅಲ್ಲಿ, ಚೌಕಟ್ಟಿನ ಹಿಂದಿನ ನಾಲ್ಕು ಮೂಲೆಗೂ ಒಂದೊಂದು ಬಿರಡೆಯ ತುಂಡು ಅಂಟಿಸಿ, ಗೋಡೆಗೂ ಚಿತ್ರಕ್ಕೂ ಬೆರಳಗಲ ಸಂದು ಬಿಟ್ಟು ತೂಗುಹಾಕಬೇಕು. ನೇರವಾಗಿ ಬಿಸಿಲು ಬೀಳದಿದ್ದರೆ ಆಯಿತು, ಬೇರೆ ದೀಪ ಬೇಡ.

ಸಭಾಂಗಣದ ಖಾಲಿ ಗೋಡೆಗೆ ಮುಖವಿರುವ ಚಿತ್ರವೇ ಬೇಕೆನ್ನುವುದಾದರೆ, ಊರಿನಲ್ಲಿ ಚೆನ್ನಾಗಿ ಬರೆಯುವ ಹುಡುಗ ಹುಡುಗಿಯರಿದ್ದಾರೆ, ಅವರಿಗೆ ಹೇಳಿ ಹೊಸದನ್ನು ಬರೆಸಬಹುದು. ಅದಕ್ಕೆ ನನ್ನ ನಿವೃತ್ತಿ ವೇತನದಿಂದ ಕ್ಯಾನ್ವಾಸಿನ ಖರ್ಚನ್ನು ಕೊಡಲು ಸಿದ್ಧನಿದ್ದೇನೆ. ಮೇಸ್ತ್ರಿಯವರೊಡನೆ ಮತ್ತೊಮ್ಮೆ ಮಾತನಾಡಿದ್ದೇನೆ. ಆ ದಿನದ ಕೂಲಿ ಕೈತಪ್ಪದಿದ್ದರೆ ಚಿತ್ರವನ್ನು ಮುಟ್ಟದಿರುವುದು ಅವರಿಗೂ ಒಪ್ಪಿಗೆಯೇ. ಪಾಪ, ಮೂರು ಮುಖ ಬರೆಯುವುದು ತಮಗೂ ಅಂಜಿಕೆಯೇ ಎಂದು ಹೇಳಿಕೊಂಡರು. ಅವರು ಹಾಲ್‌ನ ಹೊರಗೋಡೆ ಮುಗಿಸಿ ಒಳಗಿನ ಕೆಲಸಕ್ಕೆ ಬರುವುದು ಬರುವ ಸೋಮವಾರ.

ಚಿತ್ರವನ್ನು ಬೇಸಿನ್ನಿನ ಪಕ್ಕದಿಂದ ಎತ್ತಿ, ಮೆಟ್ಟಿಲ ತಿರುವಿನಲ್ಲಿ ಎಲ್ಲಿಯೂ ತಾಗಿಸದೆ ಮಹಡಿಗೆ ಒಯ್ಯಲು ಇಬ್ಬರು ಬೇಕು. ನಾನು ಅಲ್ಲಿಯವರೆಗೆ ದಿನವೂ ಬೆಳಿಗ್ಗೆ ಹತ್ತು ಗಂಟೆಗೆ ಸಭಾಂಗಣದ ಬಾಗಿಲಲ್ಲಿರುತ್ತೇನೆ. ಆಡಳಿತ ಮಂಡಳಿಯವರು ದಯಮಾಡಿ ಇನ್ನೊಬ್ಬರನ್ನು ಕಳುಹಿಸಿಕೊಡಬೇಕು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಚಿತ್ರಕಲಾ ಶಿಕ್ಷಕ,
ಚಿಕ್ಕಮಗಳೂರು